ವಿಶ್ವವಿದ್ಯಾಲಯಗಳ ಜಾಗತಿಕ ಪೈಪೋಟಿಯಲ್ಲಿ ನಾವೆಲ್ಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಜೂನ್‌ನಲ್ಲಿ ಜಗತ್ತಿನ ವಿವಿಗಳಿಗೆ ಸ್ಥಾನ ಕೊಡುವ ಕ್ಯೂಎಸ್ ಪಟ್ಟಿ ಹೊರಬೀಳುತ್ತದೆ. ಅದೇ ಹೊತ್ತಿಗೆ ನಮ್ಮಲ್ಲಿ ಸಿಇಟಿ ಕೌನ್ಸೆಲಿಂಗ್ ಗಡಿಬಿಡಿ. ನೆಂಟರ ವಾಟ್ಸ್‌ಆಪ್ ಗುಂಪುಗಳಲ್ಲಿ "ನೋಡಿ, ನಮ್ಮವು ಇನ್ನೂರರ ಆಚೆಗೆ" ಅಂತ ಒಬ್ಬರು ಕೊರಗುತ್ತಾರೆ, "ಈ ಸಲ ಐವತ್ತನಾಲ್ಕು ಸಂಸ್ಥೆ ಬಂದಿವೆ" ಅಂತ ಇನ್ನೊಬ್ಬರು ಬೀಗುತ್ತಾರೆ. ನಾನು ಕೆಲವು ವರ್ಷ ಒಂದು ವಿವಿಯ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡಿ, ಆಮೇಲೆ ಪಾಠ ಹೇಳಿಕೊಂಡು ಬದುಕಿದ ಜೀವ. ಹಾಗಾಗಿ ಪ್ರಶ್ನೆಗಳೆಲ್ಲ ಸುತ್ತಿ ಬಳಸಿ ನನ್ನ ಹತ್ತಿರ ಬರುತ್ತವೆ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಒಂದು ದೇಶದ ವಿವಿಗಳು ಜಾಗತಿಕ ಪೈಪೋಟಿಯಲ್ಲಿವೆ ಅಂದರೆ ಏನರ್ಥ?

ಹೀಗೆ ಯೋಚಿಸಿ. ಧಾರವಾಡದ ಒಬ್ಬಳು ಹುಡುಗಿ ಪಿಎಚ್‌ಡಿ ಮುಗಿಸಿ, ಹೊರಗೆ ನಾಲ್ಕು ವರ್ಷ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ಮಾಡಿ, ಈಗ ಮೂವತ್ತಮೂರರ ವಯಸ್ಸಿನಲ್ಲಿ ಕೆಲಸ ಹುಡುಕುತ್ತಿದ್ದಾಳೆ. ಸಿಂಗಪುರದಿಂದ ಒಂದು ಆಹ್ವಾನ, ಜರ್ಮನಿಯಿಂದ ಒಂದು, ನಮ್ಮ ದೇಶದ ವಿವಿಯಿಂದ ಒಂದು. ಅವಳು ಯಾವುದಕ್ಕೆ ಹೂಂ ಅನ್ನುತ್ತಾಳೆ? ಪೈಪೋಟಿ ನಡೆಯುವುದು ಅಲ್ಲಿ. ಒಳ್ಳೆಯ ಮೇಷ್ಟ್ರು ಎಲ್ಲಿಗೆ ಹೋಗುತ್ತಾರೋ ಅಲ್ಲಿಗೆ ಒಳ್ಳೆಯ ವಿದ್ಯಾರ್ಥಿಗಳು ಹೋಗುತ್ತಾರೆ, ಅವರ ಬೆನ್ನಿಗೆ ಹಣವೂ ಹೋಗುತ್ತದೆ. ರ‍್ಯಾಂಕ್ ಇದೆಲ್ಲ ಆಗಿ ಎಷ್ಟೋ ವರ್ಷಕ್ಕೆ ಬರುವ ಸುದ್ದಿ.

ಕ್ಯೂಎಸ್, ಟೈಮ್ಸ್, ಶಾಂಘೈ: ಈ ಪಟ್ಟಿಗಳು ಅಳೆಯುವುದಾದರೂ ಏನನ್ನು?

ಮೂರೂ ಬೇರೆ ಬೇರೆ ತಕ್ಕಡಿ. ಎಲ್ಲಕ್ಕೂ ಹಳೆಯದು ಶಾಂಘೈ ಪಟ್ಟಿ, 2003ರದ್ದು. ಚೀನಾದ ವಿವಿಗಳು ಜಗತ್ತಿನ ಮುಂಚೂಣಿಯಿಂದ ಎಷ್ಟು ದೂರದಲ್ಲಿವೆ ಎಂದು ತಿಳಿಯಲು ಶಾಂಘೈ ಜಿಯಾವೊ ಟಾಂಗ್ ವಿವಿಯವರು ಮಾಡಿಕೊಂಡ ಲೆಕ್ಕ ಅದು. ನೊಬೆಲ್ ಅಥವಾ ಗಣಿತದ ಫೀಲ್ಡ್ಸ್ ಪದಕ ಪಡೆದ ಹಳೆಯ ವಿದ್ಯಾರ್ಥಿಗಳಿಗೆ ಶೇ 10, ಪಡೆದ ಅಧ್ಯಾಪಕರಿಗೆ ಶೇ 20, ಬೇರೆಯವರ ಪ್ರಬಂಧಗಳಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಸಂಶೋಧಕರಿಗೆ ಶೇ 20, 'ನೇಚರ್' ಮತ್ತು 'ಸೈನ್ಸ್' ಪತ್ರಿಕೆಗಳ ಪ್ರಬಂಧಗಳಿಗೆ ಶೇ 20, ಒಟ್ಟು ಪ್ರಬಂಧಗಳಿಗೆ ಶೇ 20, ಉಳಿದ ಶೇ 10 ಅಧ್ಯಾಪಕರ ತಲಾ ಸಾಧನೆಗೆ. ಪಾಠ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಅದರಲ್ಲಿ ಜಾಗವೇ ಇಲ್ಲ.

ಕ್ಯೂಎಸ್ ಮತ್ತು ಟೈಮ್ಸ್ (ಎರಡೂ ಬ್ರಿಟನ್ನಿನವು) 2004ರಲ್ಲಿ ಒಂದೇ ಒಲೆಯಲ್ಲಿ ಅಡುಗೆ ಶುರು ಮಾಡಿ, ಮುಂದೆ ಬೇರೆಯಾದವು. ಕ್ಯೂಎಸ್‌ನಲ್ಲಿ ಅಭಿಪ್ರಾಯದ್ದೇ ದೊಡ್ಡ ಪಾಲು. ಜಗತ್ತಿನ ಪ್ರಾಧ್ಯಾಪಕರನ್ನು ಕೇಳಿ ಪಡೆದ ಹೆಸರಿಗೆ ಶೇ 30, ಕಂಪನಿಗಳವರನ್ನು ಕೇಳಿ ಪಡೆದ ಹೆಸರಿಗೆ ಶೇ 15. ಅಂದರೆ ಹತ್ತಿರ ಹತ್ತಿರ ಅರ್ಧ ಅಂಕ 'ಯಾರ ಹೆಸರು ಕೇಳಿದ್ದೀರಿ' ಎಂಬುದಕ್ಕೇ. ಊರ ಜಾತ್ರೆಯಲ್ಲಿ ಯಾರ ಮನೆ ಹೋಳಿಗೆ ರುಚಿ ಅಂತ ಕೇಳಿದರೆ ತಿನ್ನದವರೂ ದೊಡ್ಡ ಮನೆಯ ಹೆಸರನ್ನೇ ಹೇಳುತ್ತಾರಲ್ಲ, ಹಾಗೆ.

ಐಐಎಸ್‌ಸಿ ಒಂದೇ ವರ್ಷದಲ್ಲಿ 155ರಿಂದ 225ಕ್ಕೆ ಕುಸಿಯಿತು. ಅಲ್ಲಿ ಏನು ಕೆಟ್ಟಿತು?

ಏನೂ ಕೆಡಲಿಲ್ಲ. ಕ್ಯೂಎಸ್ 2023ರ ಪಟ್ಟಿಯಲ್ಲಿ ನಮ್ಮ 'ಟಾಟಾ ಇನ್‌ಸ್ಟಿಟ್ಯೂಟ್', ಅಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ), 155ನೇ ಸ್ಥಾನದಲ್ಲಿತ್ತು. ಪ್ರತಿ ಅಧ್ಯಾಪಕರಿಗೆ ಎಷ್ಟು ಉಲ್ಲೇಖ ಎಂಬ ಅಳತೆಯಲ್ಲಿ ನೂರಕ್ಕೆ ನೂರು ಪಡೆದು ಜಗತ್ತಿಗೇ ಮೊದಲಾಗಿತ್ತು. ಮುಂದಿನ ಪಟ್ಟಿಗೆ ಕ್ಯೂಎಸ್‌ನವರು ತಕ್ಕಡಿಯನ್ನೇ ಬದಲಿಸಿದರು. ಅಧ್ಯಾಪಕ-ವಿದ್ಯಾರ್ಥಿ ಅನುಪಾತದ ತೂಕ ಶೇ 20ರಿಂದ 10ಕ್ಕೆ ಇಳಿಯಿತು. ಪದವೀಧರರ ಉದ್ಯೋಗ, ಅಂತರರಾಷ್ಟ್ರೀಯ ಸಂಶೋಧನಾ ಜಾಲ, ಸುಸ್ಥಿರತೆ ಅಂತ ಮೂರು ಹೊಸ ಬಾಬ್ತು ಸೇರಿದವು. ಮಲ್ಲೇಶ್ವರದ ಪಕ್ಕದ ಆ ಕ್ಯಾಂಪಸ್ಸಿನಲ್ಲಿ ಅದೇ ಮರಗಳು, ಅದೇ ಪ್ರಯೋಗಾಲಯಗಳು, ಅದೇ ಜನ. ಸ್ಥಾನ ಮಾತ್ರ ಎಪ್ಪತ್ತು ಮೆಟ್ಟಿಲು ಕೆಳಗೆ.

ಇನ್ನೊಂದು ಮಾತು. ಅದು ಸುಮಾರು ಐದು ಸಾವಿರ ವಿದ್ಯಾರ್ಥಿಗಳ ಸಣ್ಣ ಸಂಸ್ಥೆ, ಓದುವುದೆಲ್ಲ ವಿಜ್ಞಾನ ಮತ್ತು ಎಂಜಿನಿಯರಿಂಗ್. ಕಾನೂನು, ಸಾಹಿತ್ಯ, ಅರ್ಥಶಾಸ್ತ್ರ ಎಲ್ಲ ಇರುವ ದೈತ್ಯ ವಿವಿಗಳನ್ನು ಬಲ್ಲವರ ಸಂಖ್ಯೆ ಹೆಚ್ಚು, ಅವುಗಳ ಪರವಾಗಿ ಬೀಳುವ ಮತವೂ ಹೆಚ್ಚು. 2020ರಲ್ಲಿ ಹಳೆಯ ಏಳು ಐಐಟಿಗಳು ಲೆಕ್ಕದಲ್ಲಿ ಪಾರದರ್ಶಕತೆ ಇಲ್ಲವೆಂದು ಟೈಮ್ಸ್ ಪಟ್ಟಿಯಿಂದಲೇ ಹೊರಗೆ ನಿಂತವು. ಅದಕ್ಕೂ ಮೂಲ ಇಂಥ ಅಸಮಾಧಾನವೇ.

ಹಾಗಿದ್ದರೆ ಪಟ್ಟಿಯೆಲ್ಲ ಸುಳ್ಳೇ?

ಸುಳ್ಳಲ್ಲ. ಹತ್ತು ಸ್ಥಾನ ಮೇಲೆ-ಕೆಳಗೆ ಆಗುವುದಕ್ಕೆ ಅರ್ಥ ಇಲ್ಲ, ಇಪ್ಪತ್ತು ವರ್ಷದ ಓಟಕ್ಕೆ ಅರ್ಥ ಇದೆ. 2003ರ ಶಾಂಘೈ ಪಟ್ಟಿಯ ಮೊದಲ ನೂರರಲ್ಲಿ ಚೀನಾ ಮುಖ್ಯಭೂಮಿಯ ಒಂದೂ ವಿವಿ ಇರಲಿಲ್ಲ, ಭಾರತದ್ದೂ ಇರಲಿಲ್ಲ. ಇವತ್ತು ಅವರದು ಹನ್ನೆರಡಕ್ಕೂ ಹೆಚ್ಚು. ನಮ್ಮದು ಈಗಲೂ ಸೊನ್ನೆ. ತಕ್ಕಡಿಯ ಮೇಲೆ ಎಷ್ಟು ಸಿಟ್ಟು ಬಂದರೂ ಈ ಲೆಕ್ಕವನ್ನು ಮುಚ್ಚಿಡಲಾಗದು.

ಎಲ್ಲಕ್ಕಿಂತ ಮುಖ್ಯ ಯಾವುದು? ಒಂದೇ ಒಂದು ಹೇಳಿ ಅಂದರೆ?

ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂದು ಯಾರು ತೀರ್ಮಾನಿಸುತ್ತಾರೆ, ಎಷ್ಟು ಬೇಗ ತೀರ್ಮಾನಿಸುತ್ತಾರೆ ಎಂಬುದು. ನನ್ನ ಮಟ್ಟಿಗೆ ಉಳಿದದ್ದೆಲ್ಲ ಇದರ ಹಿಂದೆ.

ನಮ್ಮದೇ ಚರಿತ್ರೆಯಲ್ಲಿ ಇದಕ್ಕೆ ಒಂದು ಸಿಹಿ, ಒಂದು ಕಹಿ ಉದಾಹರಣೆ ಇದೆ. ಸಿಹಿ ಮೊದಲು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥೆ, ದಿವಾನ್ ವಿಶ್ವೇಶ್ವರಯ್ಯನವರ ಹಟ, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ. 1918ರಲ್ಲಿ ಮೂವತ್ತು ವಯಸ್ಸಿನ ರಾಧಾಕೃಷ್ಣನ್ ಮಹಾರಾಜ ಕಾಲೇಜಿಗೆ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. ಮೂರೇ ವರ್ಷಕ್ಕೆ ಕಲ್ಕತ್ತಾ ವಿವಿಯ ಆಶುತೋಷ ಮುಖರ್ಜಿ ಅವರನ್ನು ಎಳೆದುಕೊಂಡರು. ಮೈಸೂರಿನ ಹುಡುಗರು ಹೂವಿನ ಸಾರೋಟಿಗೆ ತಾವೇ ಹೆಗಲು ಕೊಟ್ಟು ರೈಲು ನಿಲ್ದಾಣದ ತನಕ ಎಳೆದುಕೊಂಡು ಹೋದ ಕಥೆ ಎಲ್ಲರಿಗೂ ಗೊತ್ತು. ಅದರ ಇನ್ನೊಂದು ಮಗ್ಗುಲನ್ನು ಯಾರೂ ಹೇಳುವುದಿಲ್ಲ: ಮೈಸೂರು ಒಬ್ಬರನ್ನು ಕಳೆದುಕೊಂಡಿತ್ತು. ಆದರೆ ಸುಮ್ಮನೆ ಕೂತಿರಲಿಲ್ಲ; ಅದೇ ಹೊತ್ತಿಗೆ ಅದೇ ಕಲ್ಕತ್ತೆಯಿಂದ ಬ್ರಜೇಂದ್ರನಾಥ ಸೀಲರನ್ನು ಕುಲಪತಿಯಾಗಿ ಕರೆತಂದಿತ್ತು. ಪೈಪೋಟಿ ಅಂದರೆ ಇದು.

ಇದೇ ಆಶುತೋಷ ಮುಖರ್ಜಿ 1917ರಲ್ಲಿ ಹಣಕಾಸು ಇಲಾಖೆಯ ಒಬ್ಬ ಅಧಿಕಾರಿಯನ್ನು ಭೌತಶಾಸ್ತ್ರದ ಪ್ರಾಧ್ಯಾಪಕರನ್ನಾಗಿ ಮಾಡಿದ್ದರು. ಆ ಅಧಿಕಾರಿಗೆ ಪಿಎಚ್‌ಡಿ ಇರಲಿಲ್ಲ, ವಿದೇಶದಲ್ಲಿ ಓದಿರಲಿಲ್ಲ. ಆ ಪೀಠಕ್ಕೆ ವಿದೇಶಿ ತರಬೇತಿ ಇರಬೇಕೆಂಬ ಷರತ್ತಿತ್ತು, ಅದನ್ನು ಅವರಿಗಾಗಿ ಸಡಿಲಿಸಿದರು. ಸಿ.ವಿ. ರಾಮನ್ ಕಡಿಮೆ ಸಂಬಳಕ್ಕೆ ಒಪ್ಪಿ ಬಂದರು. 1928ರಲ್ಲಿ ರಾಮನ್ ಪರಿಣಾಮ, 1930ರಲ್ಲಿ ನೊಬೆಲ್. ಇವತ್ತಿನ ಅರ್ಜಿ ನಮೂನೆಯಲ್ಲಿ ಅವರ ಹೆಸರು ಮೊದಲ ಸುತ್ತಿನ ಪರಿಶೀಲನೆಯಲ್ಲೇ ಬಿದ್ದುಹೋಗುತ್ತಿತ್ತು.

ಕಹಿ ಕಥೆ ನಡೆದದ್ದು ಬೆಂಗಳೂರಿನಲ್ಲಿ, ಅದೇ ರಾಮನ್ನರ ಕಣ್ಣೆದುರು. 1933ರಲ್ಲಿ ಅವರು ಐಐಎಸ್‌ಸಿಯ ಮೊದಲ ಭಾರತೀಯ ನಿರ್ದೇಶಕರಾದರು. ಅದೇ ವರ್ಷ ಹಿಟ್ಲರ್ ಸರ್ಕಾರ ಯಹೂದಿ ವಿಜ್ಞಾನಿಗಳನ್ನು ಜರ್ಮನ್ ವಿವಿಗಳಿಂದ ಹೊರದಬ್ಬತೊಡಗಿತ್ತು. ರಾಮನ್‌ಗೆ ತಟ್ಟನೆ ಹೊಳೆಯಿತು: ಇವರನ್ನು ಇಲ್ಲಿಗೆ ಕರೆದುಬಿಟ್ಟರೆ? ಕ್ವಾಂಟಂ ಸಿದ್ಧಾಂತ ಕಟ್ಟಿದವರಲ್ಲಿ ಒಬ್ಬರಾದ ಮ್ಯಾಕ್ಸ್ ಬಾರ್ನ್ 1935ರ ಕೊನೆಗೆ ಹೆಂಡತಿಯೊಡನೆ ಬೆಂಗಳೂರಿಗೆ ಬಂದಿಳಿದರು, ಪಾಠ ಮಾಡಿದರು. ಅವರನ್ನು ಕಾಯಂ ಪ್ರಾಧ್ಯಾಪಕರನ್ನಾಗಿ ಉಳಿಸಿಕೊಳ್ಳಬೇಕೆಂದು ರಾಮನ್ ಸಭೆಯಲ್ಲಿ ಮಂಡಿಸಿದರು. ಆಗ ಇಂಗ್ಲೆಂಡಿನಿಂದ ಬಂದಿದ್ದ ಪ್ರಾಧ್ಯಾಪಕರೊಬ್ಬರು ಎದ್ದು, ಸ್ವಂತ ದೇಶದಿಂದ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರದೇಶಿ ನಮಗೆ ಸಾಲದು ಎಂಬರ್ಥದ ಮಾತಾಡಿದರು. ಬಾರ್ನ್ ಅಲ್ಲೇ ಕೂತಿದ್ದರು. ಕೆಲಸ ಆಗಲಿಲ್ಲ. 1936ರಲ್ಲಿ ಎಡಿನ್‌ಬರೋ ಅವರಿಗೆ ಪೀಠ ಕೊಟ್ಟಿತು, 1954ರಲ್ಲಿ ನೊಬೆಲ್ ಬಂತು. ರಾಮನ್ ವಿರುದ್ಧ ವಿಚಾರಣಾ ಸಮಿತಿ ಬಂದು, 1937ರಲ್ಲಿ ಅವರೇ ನಿರ್ದೇಶಕರ ಕುರ್ಚಿ ಬಿಡಬೇಕಾಯಿತು. ಯಾದವಗಿರಿಯಲ್ಲೋ ಯಶವಂತಪುರದಲ್ಲೋ ಹುಟ್ಟಿ ಬಾರ್ನ್ ಕೈಕೆಳಗೆ ಕಲಿಯಬಹುದಾಗಿದ್ದ ಹುಡುಗರು ಎಷ್ಟು ಜನರೋ, ಆ ಲೆಕ್ಕ ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ.

ದುಡ್ಡೇ ದೊಡ್ಡಪ್ಪ ಅಲ್ಲವೇ?

ದೊಡ್ಡಪ್ಪನಂತೂ ಹೌದು. ಭಾರತ ತನ್ನ ಜಿಡಿಪಿಯ ಸುಮಾರು ಶೇ 0.64ರಷ್ಟನ್ನು ಸಂಶೋಧನೆಗೆ ಖರ್ಚು ಮಾಡುತ್ತದೆ. ಚೀನಾದ್ದು ಶೇ 2.5ಕ್ಕಿಂತ ಹೆಚ್ಚು, ದಕ್ಷಿಣ ಕೊರಿಯಾದ್ದು ಶೇ 5ರ ಆಸುಪಾಸು. ಅಲ್ಲಿ ಹೆಚ್ಚಿನ ಪಾಲು ಕಂಪನಿಗಳ ಜೇಬಿನಿಂದ ಬರುತ್ತದೆ, ನಮ್ಮಲ್ಲಿ ಹೆಚ್ಚಿನದು ಸರ್ಕಾರದ್ದೇ. ಹಾರ್ವರ್ಡ್‌ನ ದತ್ತಿನಿಧಿ 5,000 ಕೋಟಿ ಡಾಲರಿಗೂ ಮೀರಿದೆ. ರೂಪಾಯಿಗೆ ತಿರುಗಿಸಿದರೆ ಕರ್ನಾಟಕ ಸರ್ಕಾರದ 2025-26ರ ಇಡೀ ಬಜೆಟ್‌ಗಿಂತ (4.09 ಲಕ್ಷ ಕೋಟಿ) ದೊಡ್ಡದು. ಅವರ ವರ್ಷದ ಖರ್ಚಿನಲ್ಲಿ ಮೂರನೇ ಒಂದಕ್ಕೂ ಹೆಚ್ಚು ಪಾಲು ಅದರ ಗಳಿಕೆಯಿಂದಲೇ ಸಾಗುತ್ತದೆ, ಗಂಟಿಗೆ ಕೈಹಾಕುವುದಿಲ್ಲ.

ನಮ್ಮಲ್ಲೂ ಕೆಲವು ಕಿಂಡಿ ತೆರೆದಿವೆ. 2023ರ ಕಾಯ್ದೆಯಿಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂದಿದೆ, ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಗುರಿ. ಆದರೆ ಅದರಲ್ಲಿ ಸರ್ಕಾರ ಹಾಕುವುದು 14,000 ಕೋಟಿ. ಉಳಿದದ್ದು ಖಾಸಗಿಯವರಿಂದ, ದಾನಿಗಳಿಂದ ಬರಬೇಕು. ಬಂದರೆ ಬಂತು. 'ಒಂದು ದೇಶ ಒಂದು ಚಂದಾ' ಯೋಜನೆಗೆ 2024ರಲ್ಲಿ ಮೂರು ವರ್ಷಕ್ಕೆ 6,000 ಕೋಟಿ ಒಪ್ಪಿಗೆ ಸಿಕ್ಕಿತು. ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಸಂಸ್ಥೆಗಳಿಗೆ ತೆರೆದುಕೊಂಡವು. ಇದು ನಿಜಕ್ಕೂ ದೊಡ್ಡ ಸಂಗತಿ, ಸುದ್ದಿಯಾದದ್ದು ಮಾತ್ರ ಕಡಿಮೆ. ಒಂದು ಪ್ರಬಂಧದ ಪಿಡಿಎಫ್‌ಗಾಗಿ ಜರ್ಮನಿಯಲ್ಲಿದ್ದ ಗೆಳೆಯನಿಗೆ ಮಧ್ಯರಾತ್ರಿ ಮೆಸೇಜ್ ಹಾಕಿ ಕಾದವರಿಗೆ ಇದರ ಬೆಲೆ ಗೊತ್ತು.

ಸಂಶೋಧನಾ ವಿದ್ಯಾರ್ಥಿಯ ಶಿಷ್ಯವೇತನ, ಜೆಆರ್‌ಎಫ್, 2023ರಿಂದ ತಿಂಗಳಿಗೆ 37,000 ರೂಪಾಯಿ. ಮೊತ್ತಕ್ಕಿಂತ ಅದು ತಿಂಗಳಿಗೆ ಸರಿಯಾಗಿ ಬರುತ್ತದೆಯೇ ಎಂಬುದು ದೊಡ್ಡ ಪ್ರಶ್ನೆ. ಆರು ತಿಂಗಳು ತಡವಾಗಿ ಬಂದಾಗ ಮೆಸ್ ಬಿಲ್ಲಿಗೆ ಸಾಲ ಮಾಡಿದ ಜ್ಞಾಪಕ ನನಗೂ ಇದೆ.

ಹಣ ಇದ್ದರೂ ಖರ್ಚಾಗುವುದಿಲ್ಲ ಅಂತಾರಲ್ಲ, ಅದು ಹೇಗೆ?

ನನ್ನ ಕಥೆಯನ್ನೇ ಹೇಳುತ್ತೇನೆ. ನಮ್ಮ ವಿಭಾಗದಲ್ಲಿ ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವ ಒಂದು ಯುವಿ ಸ್ಪೆಕ್ಟ್ರೋಫೋಟೋಮೀಟರ್ ಇತ್ತು. ಅದರ ಡ್ಯುಟೀರಿಯಂ ಲ್ಯಾಂಪ್ ಸುಟ್ಟುಹೋಯಿತು. ಪ್ರಾಜೆಕ್ಟ್‌ನಲ್ಲಿ ದುಡ್ಡಿತ್ತು. ಇಂಡೆಂಟ್ ಬರೆದು ಕಳಿಸಿದೆವು. ಮೂರು ಕೊಟೇಶನ್ ಬೇಕು ಅಂದರು. ಆ ಯಂತ್ರಕ್ಕೆ ಆ ಕಂಪನಿಯ ಲ್ಯಾಂಪೇ ಆಗಬೇಕು, ಮೂರು ಎಲ್ಲಿಂದ ತರುವುದು? 'ಏಕೈಕ ಮಾರಾಟಗಾರ ಏಕೆ?' ಎಂದು ಹಣಕಾಸು ಶಾಖೆಯಿಂದ ಕಡತ ವಾಪಸ್ ಬಂತು. ಗೈಡ್ ಮೇಷ್ಟ್ರು ಸಮಜಾಯಿಷಿ ಬರೆದರು. ಕೇಸ್‌ವರ್ಕರ್ ರಜೆಯಲ್ಲಿದ್ದರು, ಅವರು ಬರುವಷ್ಟರಲ್ಲಿ ಮಾರ್ಚ್ 31 ಕಳೆದು ಆ ವರ್ಷದ ಅನುದಾನ ಲ್ಯಾಪ್ಸ್ ಆಯಿತು. ಹೊಸದಾಗಿ ಟಿಪ್ಪಣಿ, ಹೊಸದಾಗಿ ಮಂಜೂರಾತಿ. ಐದು ತಿಂಗಳಿಗೆ ಲ್ಯಾಂಪ್ ಬಂತು. ಅಷ್ಟು ದಿನ ಯಂತ್ರದ ಮೇಲೆ ಹೊದಿಸಿದ್ದ ನೀಲಿ ಬಟ್ಟೆಯನ್ನು ನಾನು ವಾರಕ್ಕೊಮ್ಮೆ ತೆಗೆದು ಧೂಳು ಕೊಡವಿ ಮತ್ತೆ ಹೊದಿಸುತ್ತಿದ್ದೆ. ನಮ್ಮ ಪ್ರಶ್ನೆಗೇ ಉತ್ತರ ಹುಡುಕುತ್ತಿದ್ದ ಬೇರೆ ದೇಶದ ಗುಂಪೊಂದು ಅಷ್ಟರಲ್ಲಿ ಪ್ರಬಂಧ ಪ್ರಕಟಿಸಿಯಾಗಿತ್ತು.

ಕಳ್ಳತನ ತಡೆಯಲು ಮಾಡಿದ ನಿಯಮಗಳಿವು, ಉದ್ದೇಶ ತಪ್ಪಲ್ಲ. ಕುರ್ಚಿ-ಮೇಜು ಕೊಳ್ಳುವ ನಿಯಮದಲ್ಲೇ ಪ್ರಯೋಗಾಲಯದ ರಾಸಾಯನಿಕವನ್ನೂ ಕೊಳ್ಳಿ ಅಂದದ್ದು ತಪ್ಪು. 2025ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಸಂಶೋಧನಾ ಸಂಸ್ಥೆಗಳಿಗೆ ಇದನ್ನು ಸಡಿಲಿಸಿತು. ಕೊಟೇಶನ್ ಇಲ್ಲದೆ ಕೊಳ್ಳುವ ಮಿತಿ ಒಂದು ಲಕ್ಷದಿಂದ ಎರಡು ಲಕ್ಷಕ್ಕೆ ಏರಿತು, 200 ಕೋಟಿವರೆಗಿನ ಜಾಗತಿಕ ಟೆಂಡರ್‌ಗೆ ಕುಲಪತಿ ಅಥವಾ ನಿರ್ದೇಶಕರೇ ಒಪ್ಪಿಗೆ ಕೊಡಬಹುದು. ರಾಜ್ಯ ವಿವಿಗಳಿಗೆ ಸರ್ಕಾರಿ ಖರೀದಿಯ ಪಾರದರ್ಶಕತೆಗೆಂದು ಮಾಡಿದ ಕೆಟಿಪಿಪಿ ಕಾಯ್ದೆ ಬೇರೆ ಇದೆ.

ಚೀನಾ ಹೇಗೆ ಮೇಲೆ ಬಂತು?

ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚದೆ ಕೆಲವರಿಗೆ ತುಂಬ ಕೊಟ್ಟಿತು. 1995ರಲ್ಲಿ '211' ಯೋಜನೆ. 1998ರ ಮೇ ತಿಂಗಳಲ್ಲಿ ಪೀಕಿಂಗ್ ವಿವಿಯ ಶತಮಾನೋತ್ಸವದಲ್ಲಿ ಜಿಯಾಂಗ್ ಜೆಮಿನ್ ಮಾಡಿದ ಭಾಷಣದಿಂದ ಹುಟ್ಟಿದ್ದು '985'. ಆ ತಿಂಗಳು-ವರ್ಷವೇ ಅದರ ಹೆಸರು. ಮೊದಲ ಕಂತಿನಲ್ಲಿ ಪೀಕಿಂಗ್ ಮತ್ತು ಚಿಂಗ್ಹುವಾ ವಿವಿಗಳಿಗೆ ಮೂರು ವರ್ಷಕ್ಕೆ ತಲಾ 180 ಕೋಟಿ ಯುವಾನ್. ಆಮೇಲೆ ಒಂಬತ್ತು ವಿವಿ, ಕೊನೆಗೆ ಮೂವತ್ತೊಂಬತ್ತು.

ಜೊತೆಗೆ ಹೊರಗೆ ಹೋದವರನ್ನು ವಾಪಸ್ ಕರೆಸುವ ಕೆಲಸ. ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಪಡೆದ ಆಂಡ್ರ್ಯೂ ಯಾವೊ 2004ರಲ್ಲಿ ಪ್ರಿನ್ಸ್‌ಟನ್ ಬಿಟ್ಟು ಪೂರ್ಣಾವಧಿಗೆ ಚಿಂಗ್ಹುವಾಕ್ಕೆ ಬಂದರು, ಮರುವರ್ಷ ಪದವಿ ಹುಡುಗರಿಗೇ ಒಂದು ವಿಶೇಷ ತರಗತಿ ಕಟ್ಟಿದರು. ನಮ್ಮಲ್ಲೂ ಅನಿವಾಸಿ ವಿಜ್ಞಾನಿಗಳಿಗೆ ಯೋಜನೆಗಳಿವೆ, ಹೆಚ್ಚಿನವು ವರ್ಷಕ್ಕೆ ಒಂದೆರಡು ತಿಂಗಳು ಬಂದುಹೋಗುವಂಥವು. ಹಬ್ಬಕ್ಕೆ ಬಂದ ಅಳಿಯ ಗದ್ದೆ ಉಳುತ್ತಾನೆಯೇ?

ಚೀನಾದ ದಾರಿಯಲ್ಲಿ ಕೊಳೆಯೂ ಇದೆ. ಪ್ರಬಂಧಕ್ಕೆ ಇಷ್ಟು ಅಂತ ನಗದು ಬಹುಮಾನ ಕೊಟ್ಟರು, ಸುಳ್ಳು ಪ್ರಬಂಧಗಳ ಕಾರ್ಖಾನೆಗಳು ಎದ್ದವು. 2020ರಲ್ಲಿ ಸರ್ಕಾರವೇ ನಗದು ಬಹುಮಾನ ನಿಲ್ಲಿಸಿತು. ಸರ್ಕಾರವನ್ನು ಪ್ರಶ್ನಿಸುವ ಸಮಾಜಶಾಸ್ತ್ರ, ಇತಿಹಾಸ ಅಲ್ಲಿ ಬೆಳೆಯುವುದು ಕಷ್ಟ. ಅವರ ಬೆಳೆಯನ್ನು ತೂಗುವಾಗ ಈ ಜೊಳ್ಳನ್ನೂ ಕಳೆಯಬೇಕು.

ನಾವೂ ಆಯ್ದವರಿಗೆ ಕೊಡಲು ನೋಡಿದೆವು. ಕೇಂದ್ರದ 'ಶ್ರೇಷ್ಠ ಸಂಸ್ಥೆಗಳು' ಯೋಜನೆಯಲ್ಲಿ ಸರ್ಕಾರಿ ಸಂಸ್ಥೆಗೆ ಐದು ವರ್ಷಕ್ಕೆ ಸಾವಿರ ಕೋಟಿವರೆಗೆ. ಐಐಎಸ್‌ಸಿ ಮೊದಲ ಪಟ್ಟಿಯಲ್ಲೇ ಬಂತು, ಖಾಸಗಿಯವರಲ್ಲಿ ಮಣಿಪಾಲವೂ. ಆದರೆ 2018ರ ಅದೇ ಪಟ್ಟಿಯಲ್ಲಿ ಇನ್ನೂ ಕಟ್ಟಡವೇ ಏಳದಿದ್ದ ಜಿಯೊ ಇನ್‌ಸ್ಟಿಟ್ಯೂಟ್ ಹೆಸರೂ ಇದ್ದು, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಗಿ, ಚರ್ಚೆಯೆಲ್ಲ ಅದರ ಮೇಲೇ ನಡೆಯಿತು.

ಬೆಂಗಳೂರಿನಲ್ಲಿ ಇಷ್ಟೊಂದು ಸಂಶೋಧನಾ ಸಂಸ್ಥೆಗಳಿವೆ. ವಿವಿಗಳೇಕೆ ಸೊರಗಿವೆ?

ಪ್ರಶ್ನೆಯಲ್ಲೇ ಉತ್ತರ ಇದೆ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ನಾವು ಸಂಶೋಧನೆಯನ್ನು ಒಂದು ಮನೆಯಲ್ಲೂ ಪಾಠವನ್ನು ಇನ್ನೊಂದು ಮನೆಯಲ್ಲೂ ಇಟ್ಟೆವು. ಸಿಎಸ್‌ಐಆರ್ ಪ್ರಯೋಗಾಲಯಗಳು, ಪರಮಾಣು ಇಲಾಖೆ, ಬಾಹ್ಯಾಕಾಶ ಇಲಾಖೆ, ರಕ್ಷಣಾ ಸಂಶೋಧನೆ: ಎಲ್ಲವೂ ವಿವಿಗಳ ಹೊರಗೆ ಬೆಳೆದವು. ಒಳ್ಳೆಯ ಸಂಶೋಧಕರು ಅತ್ತ ಹೋದರು. ವಿವಿಗೆ ಉಳಿದದ್ದು ಪರೀಕ್ಷೆ. ಜರ್ಮನಿಯಲ್ಲಿ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳು ಬೇರೆಯಾಗಿದ್ದರೂ ವಿವಿಗಳು ಬಡವಾಗಲಿಲ್ಲ, ಅದು ಬೇರೆ ಮಾತು. ಫ್ರಾನ್ಸಿನವರು ಪ್ಯಾರಿಸ್ ಸುತ್ತ ಚದುರಿದ್ದ ಸಂಸ್ಥೆಗಳನ್ನು ಒಂದೇ ಹೆಸರಿನಡಿ ತಂದು ಪ್ಯಾರಿಸ್-ಸ್ಯಾಕ್ಲೇ ಮಾಡಿದರು. 2020ರ ಶಾಂಘೈ ಪಟ್ಟಿಯಲ್ಲಿ ಅದು ನೇರ 14ನೇ ಸ್ಥಾನಕ್ಕೆ ಬಂತು. ಕೆಲಸ ಮಾಡುವವರು ಬದಲಾಗಲಿಲ್ಲ, ಫಲಕ ಬದಲಾಯಿತು ಅಂತ ನಗುವವರೂ ಇದ್ದಾರೆ.

ಇನ್ನೂ ಹಳೆಯ ಬೇರು 1857ರದ್ದು. ಕಲ್ಕತ್ತಾ, ಬಾಂಬೆ, ಮದರಾಸು ವಿವಿಗಳನ್ನು ಬ್ರಿಟಿಷರು ಅಂದಿನ ಲಂಡನ್ ವಿವಿಯ ಮಾದರಿಯಲ್ಲಿ ಕಟ್ಟಿದರು. ಕಾಲೇಜು ಪಾಠ ಮಾಡಲಿ, ವಿವಿ ಪರೀಕ್ಷೆ ನಡೆಸಿ ಪದವಿ ಕೊಡಲಿ. ಆ ಸಂಯೋಜಿತ ಕಾಲೇಜುಗಳ ಪದ್ಧತಿ ನಮ್ಮನ್ನು ಇನ್ನೂ ಬಿಟ್ಟಿಲ್ಲ. 2021-22ರ ಉನ್ನತ ಶಿಕ್ಷಣ ಸಮೀಕ್ಷೆ ಪ್ರಕಾರ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಕಾಲೇಜುಗಳು. 2017ರಲ್ಲಿ ಮೂರು ಹೋಳಾಗುವ ಮುಂಚೆ ಬೆಂಗಳೂರು ವಿವಿಯೊಂದರ ಕೆಳಗೇ ಆರುನೂರಕ್ಕೂ ಹೆಚ್ಚು ಕಾಲೇಜುಗಳಿದ್ದವು. ಕುಲಪತಿಗಳ ದಿನವೆಲ್ಲ ಪ್ರಶ್ನೆಪತ್ರಿಕೆ, ಫಲಿತಾಂಶ, ಮರುಮೌಲ್ಯಮಾಪನದಲ್ಲೇ ಮುಗಿದರೆ ಜಗತ್ತಿನ ಪೈಪೋಟಿಯ ಬಗ್ಗೆ ಯೋಚಿಸುವವರು ಯಾರು?

ಜಿಲ್ಲೆಗೊಂದು ವಿವಿ ಮಾಡಿದ್ದು ಒಳ್ಳೆಯದಲ್ಲವೇ?

ಹಳ್ಳಿಯ ಹೆಣ್ಣುಮಕ್ಕಳು ಮನೆಯಿಂದ ಓಡಾಡಿಕೊಂಡು ಎಂಎ ಓದಲು ಆಗಿದ್ದರೆ ಅದು ಒಳ್ಳೆಯದೇ, ಅದನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೆ ಜಾಗ, ಹುದ್ದೆ, ಅನುದಾನ ಕೊಡದೆ ಕಾಯ್ದೆ ಮಾಡಿ ಬೋರ್ಡು ಹಾಕಿದರೆ? 2025ರಲ್ಲಿ ರಾಜ್ಯದ ಒಂಬತ್ತು ಹೊಸ ವಿವಿಗಳನ್ನು ಮುಚ್ಚುವ ಪ್ರಸ್ತಾಪ ಬಂದು ಗದ್ದಲವಾಯಿತು. ತೆರೆದದ್ದೂ ಅವಸರದಲ್ಲಿ, ಮುಚ್ಚಲು ಹೊರಟದ್ದೂ ಅವಸರದಲ್ಲಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಹಿಟ್ಟು ಅಂದರೆ ಅಧ್ಯಾಪಕರು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ಸುಮಾರು ಹತ್ತು ಸಾವಿರ ಅತಿಥಿ ಉಪನ್ಯಾಸಕರ ಮೇಲೆ ನಿಂತಿವೆ. ಮುಂದಿನ ಸೆಮಿಸ್ಟರ್‌ನಲ್ಲಿ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದವರು ಐದು ವರ್ಷದ ಸಂಶೋಧನಾ ಯೋಜನೆ ಹಾಕಿಕೊಳ್ಳುವುದು ಹೇಗೆ? ಅತಿಥಿ ಅನ್ನುವ ಪದವೇ ವಿಚಿತ್ರ. ಹದಿನೈದು ವರ್ಷ ಉಳಿದ ಅತಿಥಿಯನ್ನು ನಾನು ಕಂಡಿದ್ದೇನೆ.

ಕನ್ನಡದಲ್ಲಿ ಕಲಿಸಿದರೆ ಪೈಪೋಟಿಯಲ್ಲಿ ಹಿಂದೆ ಬೀಳುತ್ತೇವೆಯೇ?

ಟೋಕಿಯೋ ವಿವಿಯಲ್ಲಿ ಪದವಿ ಪಾಠ ಬಹುತೇಕ ಜಪಾನಿ ಭಾಷೆಯಲ್ಲೇ. ಜರ್ಮನಿಯಲ್ಲಿ ಪದವಿ ಹಂತ ಹೆಚ್ಚಾಗಿ ಜರ್ಮನ್, ಸ್ನಾತಕೋತ್ತರದಲ್ಲಿ ಇಂಗ್ಲಿಷ್ ಕೂಡ. ಪಾಠದ ಭಾಷೆ, ಪ್ರಬಂಧದ ಭಾಷೆ ಬೇರೆ ಬೇರೆ ಇರಬಹುದು ಎಂದು ಅವರು ತೋರಿಸಿದ್ದಾರೆ. ಆದರೆ ಅವರಲ್ಲಿ ಪ್ರತಿ ವಿಷಯಕ್ಕೂ ಆ ಭಾಷೆಯಲ್ಲಿ ಪಠ್ಯಪುಸ್ತಕಗಳ ರಾಶಿ ಇದೆ, ಓದಿ ಮುಗಿಸಿದವರಿಗೆ ಆ ಭಾಷೆಯಲ್ಲೇ ಕೆಲಸ ಇದೆ. ಕುವೆಂಪು ಮೈಸೂರಿನ ಕುಲಪತಿಯಾಗಿದ್ದಾಗ (1956-60) ಮಾಡಲು ಹೊರಟದ್ದು ಆ ಮೊದಲ ಕೆಲಸವನ್ನೇ. ಎರಡನೆಯದು ಆಗಲಿಲ್ಲ. ಹಾಗಾಗಿ ಕನ್ನಡ ಮಾಧ್ಯಮದ ಎಂಜಿನಿಯರಿಂಗ್ ಸೀಟುಗಳನ್ನು ತೆರೆದರೂ ಮಕ್ಕಳು ಮುಗಿಬೀಳಲಿಲ್ಲ. ಅವರನ್ನು ಬೈಯುವುದು ಸುಲಭ.

ವಿದೇಶಿ ವಿದ್ಯಾರ್ಥಿಗಳು ನಮ್ಮಲ್ಲಿಗೆ ಏಕೆ ಬರುವುದಿಲ್ಲ?

2021-22ರಲ್ಲಿ ಭಾರತದಲ್ಲಿ ಓದುತ್ತಿದ್ದ ವಿದೇಶಿಯರು 46,878. 2024ರ ಹೊತ್ತಿಗೆ ಹೊರದೇಶದಲ್ಲಿ ಓದುತ್ತಿದ್ದ ಭಾರತೀಯರು 13 ಲಕ್ಷಕ್ಕೂ ಹೆಚ್ಚು. ಒಂದು ಕಾಲಕ್ಕೆ ಮೈಸೂರಿನ ಬೀದಿಗಳಲ್ಲಿ ಇರಾನಿ ಹುಡುಗರು ಎಷ್ಟು ಸಾಮಾನ್ಯವಾಗಿದ್ದರೆಂದರೆ, ತರಕಾರಿ ಮಾರುವವರು ಅವರ ಭಾಷೆಯ ನಾಲ್ಕು ಮಾತು ಕಲಿತಿದ್ದರು. ಬಂದವರು ಉಳಿಯಬೇಕಾದರೆ ಬಾಡಿಗೆ ಮನೆ ಸಿಗಬೇಕು, ವೀಸಾ ನೋಂದಣಿಗೆ ಅಲೆದಾಟ ತಪ್ಪಬೇಕು, ಅಂಕಪಟ್ಟಿ ಹೊತ್ತಿಗೆ ಸರಿಯಾಗಿ ಸಿಗಬೇಕು. ಆಫ್ರಿಕಾದ ವಿದ್ಯಾರ್ಥಿಗಳಿಗೆ ನಮ್ಮ ನಗರಗಳಲ್ಲಿ ಮನೆ ಕೊಡುವವರು ಎಷ್ಟು ಮಂದಿ ಎಂದು ಒಮ್ಮೆ ಕೇಳಿ ನೋಡಿ.

ಈಗ ವಿದೇಶಿ ವಿವಿಗಳೇ ಇಲ್ಲಿಗೆ ಬರುತ್ತಿವೆಯಲ್ಲ?

ಹೌದು. ಯುಜಿಸಿಯ 2023ರ ನಿಯಮದಂತೆ ಜಾಗತಿಕ ಪಟ್ಟಿಯ ಮೊದಲ 500ರೊಳಗಿನವರು ಬರಬಹುದು. ಬೇರೆಯದೇ ನಿಯಮವಿರುವ ಗುಜರಾತಿನ ಗಿಫ್ಟ್ ಸಿಟಿಯಲ್ಲಿ ಆಸ್ಟ್ರೇಲಿಯಾದ ಡೀಕಿನ್, ವೊಲೊಂಗಾಂಗ್, ಯುಜಿಸಿ ನಿಯಮದಡಿ ಗುರುಗ್ರಾಮದಲ್ಲಿ ಬ್ರಿಟನ್ನಿನ ಸೌತಾಂಪ್ಟನ್. ಲಿವರ್‌ಪೂಲ್‌ಗೆ ಬೆಂಗಳೂರಿನಲ್ಲಿ ಕ್ಯಾಂಪಸ್ ತೆರೆಯಲು 2025ರಲ್ಲಿ ಒಪ್ಪಿಗೆ ಸಿಕ್ಕಿತು. ಮಗ ಲಂಡನ್ನಿಗೆ ಹೋಗುವ ಖರ್ಚು ಉಳಿಯಬಹುದು. ಆದರೆ ಇಂಥ ಕ್ಯಾಂಪಸ್‌ಗಳು ಮೊದಲು ತರುವುದು ಬಿಸಿನೆಸ್, ಕಂಪ್ಯೂಟರ್ ಕೋರ್ಸುಗಳನ್ನು. ಅಲ್ಲಿ ಮುಖ್ಯ ಕ್ಯಾಂಪಸ್ಸಿನ ಮೇಷ್ಟ್ರು ಎಷ್ಟು ಜನ ಬಂದು ಕೂರುತ್ತಾರೆ ಎಂದು ನೋಡಿ ಆಮೇಲೆ ಮಾತಾಡೋಣ.

ಪಟ್ಟಿಯಲ್ಲಿ ಮೇಲೇರಲು ಮೋಸ ನಡೆಯುತ್ತದೆಯೇ?

ಧಾರಾಳವಾಗಿ. 2022ರಲ್ಲಿ ಕೊಲಂಬಿಯಾ ವಿವಿಯ ಗಣಿತ ಪ್ರಾಧ್ಯಾಪಕರೊಬ್ಬರು ತಮ್ಮದೇ ವಿವಿ ಅಮೆರಿಕದ ಪಟ್ಟಿಯೊಂದಕ್ಕೆ ಕೊಟ್ಟ ಅಂಕಿಅಂಶ ತಾಳೆಯಾಗುವುದಿಲ್ಲವೆಂದು ಲೆಕ್ಕ ಹಾಕಿ ತೋರಿಸಿದರು. ಎರಡನೇ ಸ್ಥಾನದಲ್ಲಿದ್ದ ಕೊಲಂಬಿಯಾ ಹದಿನೆಂಟಕ್ಕೆ ಬಿತ್ತು. ಸೌದಿಯ ಕೆಲವು ವಿವಿಗಳು ಹೆಚ್ಚು ಉಲ್ಲೇಖಗೊಂಡ ವಿದೇಶಿ ವಿಜ್ಞಾನಿಗಳಿಗೆ ಹಣ ಕೊಟ್ಟು, ಪ್ರಬಂಧದಲ್ಲಿ ತಮ್ಮ ವಿಳಾಸ ಹಾಕಿಸಿಕೊಂಡದ್ದೂ ಬಯಲಾಗಿದೆ. ನಮ್ಮಲ್ಲಿ ವಾಪಸ್ ಪಡೆದ ಪ್ರಬಂಧಗಳ ಹಾವಳಿ ಎಷ್ಟು ಹೆಚ್ಚಿತೆಂದರೆ 2025ರಿಂದ ಕೇಂದ್ರ ಸರ್ಕಾರದ ರ‍್ಯಾಂಕ್ ಪಟ್ಟಿ ಎನ್‌ಐಆರ್‌ಎಫ್ ಅದಕ್ಕೆ ಅಂಕ ಕಳೆಯತೊಡಗಿತು.

ಅಮೆರಿಕದಲ್ಲಿ ಈಗ ಗೊಂದಲ. ಇದು ನಮಗೆ ಅವಕಾಶವೇ?

2025ರಲ್ಲಿ ಅಲ್ಲಿನ ಸರ್ಕಾರ ಹಾರ್ವರ್ಡ್‌ ಒಂದಕ್ಕೇ 220 ಕೋಟಿ ಡಾಲರ್ ಸಂಶೋಧನಾ ಅನುದಾನ ತಡೆಹಿಡಿಯಿತು, ಹೊಸ ಎಚ್‌-1ಬಿ ಕೆಲಸದ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿತು. ಎಷ್ಟೋ ಜನ ಊರ ಕಡೆ ಮುಖ ಮಾಡಿ ಯೋಚಿಸುತ್ತಿದ್ದಾರೆ. 1933ರಲ್ಲಿ ರಾಮನ್ ಕಂಡದ್ದೂ ಇಂಥದೇ ಗಳಿಗೆಯನ್ನು. ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ, ನಮ್ಮ ಮೊರ ಇನ್ನೂ ಟೆಂಡರ್‌ನಲ್ಲಿದೆ. ಈಗ ಅರ್ಜಿ ಹಾಕಿದವರಿಗೆ ಸಂದರ್ಶನ ಯಾವಾಗ, ಮನೆ ಎಲ್ಲಿ, ಹೆಂಡತಿ ಅಥವಾ ಗಂಡನಿಗೂ ಕೆಲಸ ಸಿಗುತ್ತದೆಯೇ, ಪ್ರಯೋಗಾಲಯ ಕಟ್ಟಲು ಆರಂಭದ ಹಣ ಎಷ್ಟು: ಇದಕ್ಕೆಲ್ಲ ಆರು ವಾರದಲ್ಲಿ ಉತ್ತರ ಕೊಡುವ ರಾಜ್ಯ ವಿವಿ ನಮ್ಮಲ್ಲಿ ಒಂದಿದ್ದರೂ ಸಾಕಿತ್ತು.

ಇದೆಲ್ಲ ಸರಿ, ಮಗಳನ್ನು ಎಲ್ಲಿಗೆ ಸೇರಿಸಲಿ? ರ‍್ಯಾಂಕ್ ನೋಡಲೇ?

ರ‍್ಯಾಂಕ್ ನೋಡಿ, ಮೊದಲು ಹೆಸರು ಜರಡಿ ಹಿಡಿಯಲು. ಆಮೇಲೆ ಒಂದು ಕೆಲಸದ ದಿನ, ಮಧ್ಯಾಹ್ನ ಮೂರರ ಮೇಲೆ, ಮಗಳನ್ನು ಕರೆದುಕೊಂಡು ಆ ವಿಭಾಗಕ್ಕೇ ಹೋಗಿ. ಫಲಕದಲ್ಲಿ ಎಷ್ಟು ಅಧ್ಯಾಪಕರ ಹೆಸರಿದೆ, ಅವರಲ್ಲಿ ಕಾಯಂ ಎಷ್ಟು ಜನ ಎಂದು ಕೇಳಿ. ಗ್ರಂಥಾಲಯ ಎಷ್ಟು ಗಂಟೆಗೆ ಮುಚ್ಚುತ್ತದೆ ನೋಡಿ. ಎರಡನೇ ವರ್ಷದ ಒಬ್ಬ ವಿದ್ಯಾರ್ಥಿಯನ್ನು ಕ್ಯಾಂಟೀನಿನಲ್ಲಿ ಹಿಡಿದು, ಕಾಫಿ ಕೊಡಿಸಿ, "ಹೋದ ತಿಂಗಳು ಲ್ಯಾಬ್ ಎಷ್ಟು ಸಲ ಆಯ್ತಪ್ಪಾ?" ಅಂತ ವಿಚಾರಿಸಿ. ಹೊರಡುವ ಮುಂಚೆ ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಯಂತ್ರಗಳ ಮೇಲೆ ಬಟ್ಟೆ ಹೊದಿಸಿದೆಯೇ, ತೆಗೆದಿದೆಯೇ ಒಮ್ಮೆ ನೋಡಿಬಿಡಿ.